ಬೆಳಗಿನವರ ಮೂವತ್ತು ದಿನ

ಬೆಳಗಿನವರು ರಾಜೀನಾಮೆ ಕೊಟ್ಟದ್ದಕ್ಕೆ ಅವನಿಗೆ ಸಿಟ್ಟು ಬರಲಿಲ್ಲ. ಮೂವತ್ತು ದಿನದ ನೋಟಿಸ್ ಕೊಟ್ಟದ್ದಕ್ಕೆ ಬಂತು.

ಸುಮ್ಮನೆ ಹೋಗಿಬಿಟ್ಟಿದ್ದರೆ ಆಗುತ್ತಿತ್ತು. ಎಷ್ಟೋ ಜನ ಹಾಗೆಯೇ ಹೋಗುತ್ತಾರೆ. ಒಂದು ದಿನ ಕುರ್ಚಿ ಖಾಲಿ, ಮರುದಿನ ನಾಲ್ಕು ಮಾತು, ಮೂರನೆಯ ದಿನ ಮರೆವು. ಆದರೆ ಬೆಳಗಿನ ಪಾಳಿಯ ಈ ಹಿರಿಯರು ನಿಯಮದ ಪುಸ್ತಕ ತೆರೆದು, ಒಂದನೇ ತಾರೀಖಿಗೆ ಸರಿಯಾಗಿ ಕಾಗದ ಬರೆದು, ನಗರದ ಮುಖ್ಯ ಕಚೇರಿಗೆ ಕಳಿಸಿ, ಅದರ ಪ್ರತಿಯೊಂದನ್ನು ಅವನ ಕೈಗೂ ಕೊಟ್ಟರು. 'ಮೂವತ್ತನೇ ತಾರೀಖಿನವರೆಗೆ ಎಂದಿನಂತೆ ಕರ್ತವ್ಯ ನಿರ್ವಹಿಸಿ, ಅಂದು ಹಸ್ತಾಂತರ ವರದಿಯನ್ನು ಸಲ್ಲಿಸಿ ಬಿಡುಗಡೆ ಹೊಂದುತ್ತೇನೆ.' ಹಸ್ತಾಂತರ ವರದಿ ಎಂಬಲ್ಲಿ ಅವನ ಕಣ್ಣು ನಿಂತಿತು.

"ವರದಿಯಲ್ಲಿ ಏನು ಬರೀತೀರಿ?"

"ಇರೋದನ್ನ."

"ಅಂದ್ರೆ?"

ಬೆಳಗಿನವರು ಕೆಮ್ಮಿದರು. ಅವರ ಮಾತಿಗೆ ಮೊದಲು ಯಾವಾಗಲೂ ಎರಡು ಕೆಮ್ಮು ಬರುತ್ತಿತ್ತು, ಬಾಗಿಲು ತಟ್ಟಿ ಒಳಗೆ ಬಂದ ಹಾಗೆ. "ಸತ್ತ ಪಂಪಿನವನು ಕುಡಿದಿರಲಿಲ್ಲ ಅಂತ. ಆ ಮೂರು ದಿನದ ರೀಡಿಂಗು ನೋಡಿ ಬರೆದದ್ದಲ್ಲ ಅಂತ. ನಾನು ಕಚೇರಿಗೆ ತಿಳಿಸದೆ ಹೊರಟು ಹೋಗಿದ್ದೆ ಅಂತ. ನನ್ನದೂ ಬರೀತೀನಿ ಕಣಯ್ಯಾ, ನಿನ್ನೊಬ್ಬನದೇ ಅಲ್ಲ."

"ಒಂಬತ್ತು ವರ್ಷ ಆಯ್ತು."

"ಆಗ ಹೇಳದೆ ಹೋಗಿದ್ದೆ, ಅದಕ್ಕೇ ಅದೆಲ್ಲ ಆಯ್ತು. ಈ ಸಲ ಹೇಳಿಯೇ ಹೋಗ್ತೀನಿ. ನಿನಗೂ ಮೂವತ್ತು ದಿನ ಸಿಕ್ತಲ್ಲ. ವರದಿ ಹೋಗೋದಕ್ಕೆ ಮುಂಚೆ ಮಗಳಿಗೆ ನೀನೇ ಹೇಳಿಬಿಡು. ಬೇರೆಯವರ ಬಾಯಿಂದ ಕೇಳಬಾರದು ನೋಡು, ಅದು ಕೆಟ್ಟದ್ದು."

ಉಪಕಾರ ಮಾಡುವವರ ಧ್ವನಿ ಅದು. ಕಚ್ಚುವ ನಾಯಿಯನ್ನು ಸಹಿಸಬಹುದು, ಕಚ್ಚುವ ದಿನವನ್ನು ಮೊದಲೇ ತಿಳಿಸಿ ಮೈದಡವುವ ನಾಯಿಯನ್ನು ಹೇಗೆ ಸಹಿಸುವುದು ಎಂದು ಅವನು ಯೋಚಿಸಿದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಆಗಲಿ, ಹೇಳ್ತೀನಿ," ಎಂದ.

ಅವರಿಬ್ಬರ ಕೆಲಸ ಅಣೆಕಟ್ಟೆಯ ಹೊಟ್ಟೆಯೊಳಗೆ. ಕಟ್ಟೆಯ ಉದ್ದಕ್ಕೂ, ನೀರಿನ ಮಟ್ಟಕ್ಕಿಂತ ಬಹಳ ಕೆಳಗೆ, ಆಳೆತ್ತರದ ಒಂದು ಸುರಂಗವಿದೆ. ಕೆಲಸದವರು ಅದನ್ನು ಗ್ಯಾಲರಿ ಎನ್ನುತ್ತಾರೆ. ಅಲ್ಲಿ ಗೋಡೆಗೆ ಹೊಂದಿಸಿದ ಒತ್ತಡದ ಕೊಳವೆಗಳು, ಜಿನುಗು ನೀರನ್ನು ಅಳೆಯುವ ಪಟ್ಟಿಗಳು, ಕಟ್ಟೆ ಎಷ್ಟು ವಾಲಿದೆ ಎಂದು ತೋರಿಸುವ ಒಂದು ತೂಗುಗುಂಡು, ಎಲ್ಲ ಸೇರಿ ಮೂವತ್ತೊಂದು ರೀಡಿಂಗು. ದಿನಕ್ಕೆ ಎರಡು ಬಾರಿ ಅವನ್ನು ನೋಡಿ ಬರೆಯಬೇಕು. ಬೆಳಗಿನ ಆರಕ್ಕೆ ಬರೆಯುವವರು ಬೆಳಗಿನವರು, ಸಂಜೆ ನಾಲ್ಕಕ್ಕೆ ಬರೆಯುವ ಇವನು ಸಂಜೆಯವನು. ರಿಜಿಸ್ಟರಿನ ಎಡಪುಟ ಅವರದು, ಬಲಪುಟ ಇವನದು. ಹತ್ತೊಂಬತ್ತು ವರ್ಷ ಒಂದೇ ಪುಸ್ತಕದಲ್ಲಿ ಎದುರುಬದುರು ಬದುಕಿದವರು. ಮನೆಯಲ್ಲಿ ಹೆಂಡತಿ ತಮಾಷೆ ಮಾಡುವುದಿತ್ತು: "ನನ್ನ ಮುಖಕ್ಕಿಂತ ಆ ಬೆಳಗಿನವರ ಅಕ್ಷರ ಹೆಚ್ಚು ನೋಡಿದ್ದೀರಿ ನೀವು."

ಒಂಬತ್ತು ವರ್ಷದ ಹಿಂದೆ ಬೆಳಗಿನವರು ಒಂದು ದಿನ, "ನಾಲ್ಕು ದಿನ ಸುಧಾರಿಸು, ಬಂದುಬಿಡ್ತೀನಿ," ಎಂದು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದರು. ರಜೆಯ ಅರ್ಜಿಯಿಲ್ಲ, ಬದಲಿ ವ್ಯವಸ್ಥೆಯಿಲ್ಲ. ಅದೇ ಸಮಯಕ್ಕೆ ಅವನ ಮಗಳಿಗೆ ಜ್ವರ ನೆತ್ತಿಗೇರಿತು. ಮೂರು ದಿನ ಅವನು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು, ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಹೊತ್ತಿನ ಅಂಕಿಗಳನ್ನು ಅಂದಾಜಿನಲ್ಲಿ ತುಂಬಿದ. ಹಿಂದಿನ ವಾರದಂತೆಯೇ, ಒಂದಿಷ್ಟು ಆಚೆ ಈಚೆ. ಆ ಮೂರು ದಿನಗಳಲ್ಲಿ ಗ್ಯಾಲರಿಯ ತಳದ ಸಂಪಿನಲ್ಲಿ ನೀರು ಮೊಳದಷ್ಟು ಏರಿ ನಡೆದಾಡುವ ಹಲಗೆ ಮುಳುಗಿತ್ತು. ರಿಜಿಸ್ಟರ್ ನಂಬಿ ಇಳಿದ ಪಂಪಿನವನು ಹಲಗೆ ಇದ್ದಲ್ಲಿ ಕಾಲಿಟ್ಟ. ಹಲಗೆ ಅಲ್ಲಿರಲಿಲ್ಲ.

ವಿಚಾರಣೆ ನಡೆಯಿತು. ರಿಜಿಸ್ಟರಿನ ಪ್ರಕಾರ ನೀರು ಏರಿರಲಿಲ್ಲ. ಹಾಗಾಗಿ ತಪ್ಪು ಕಾಲಿಟ್ಟವನದೇ ಆಗಬೇಕು. ಕುಡಿದಿದ್ದ ಎಂದು ಯಾರೋ ಅಂದರು, ಇನ್ನು ಯಾರೋ ಬರೆದರು. ನಾಲ್ಕನೇ ದಿನ ಮರಳಿ ಬಂದ ಬೆಳಗಿನವರು ಗೋಡೆಯ ಮೇಲೆ ನೀರು ಬಿಟ್ಟುಹೋದ ಗೆರೆಯನ್ನು ನೋಡಿದರು, ರಿಜಿಸ್ಟರ್ ನೋಡಿದರು, ಅವನ ಮುಖ ನೋಡಿದರು. ಏನೂ ಹೇಳಲಿಲ್ಲ. ಹೇಳಿದರೆ ತಾವೆಲ್ಲಿದ್ದಿರಿ ಎಂಬ ಪ್ರಶ್ನೆ ಏಳುತ್ತಿತ್ತು.

ಪಂಪಿನವನ ಹೆಂಡತಿಗೆ ಕರುಣೆಯ ಮೇಲೆ ಅಣೆಕಟ್ಟೆಯ ಮೆಟ್ಟಿಲು ಗುಡಿಸುವ ಕೆಲಸ ಕೊಟ್ಟರು. ಒಂಬತ್ತು ವರ್ಷದಿಂದ ಅವಳು ಇವನನ್ನು ಕಂಡಾಗಲೆಲ್ಲ ಪೊರಕೆ ಪಕ್ಕಕ್ಕಿಟ್ಟು, "ಚೆನ್ನಾಗಿದ್ದೀರಾ ಅಣ್ಣ, ಮಗಳು ಹೇಗಿದ್ದಾಳೆ?" ಎಂದು ಕೇಳುತ್ತಿದ್ದಳು. ಅವನು ಪ್ರತಿಸಲವೂ ನಿಂತು ಉತ್ತರ ಕೊಡುತ್ತಿದ್ದ. ನಿಲ್ಲದೆ ಹೋದ ದಿನ ತಾನು ಓಡಲು ತೊಡಗುತ್ತೇನೆ ಎಂದು ಅವನಿಗೆ ಗೊತ್ತಿತ್ತು.

ಆ ಮೂರು ದಿನಗಳ ನಂತರ ಅವನು ತನಗೆ ತಾನೇ ಒಂದು ಶಿಕ್ಷೆ ಕೊಟ್ಟುಕೊಂಡಿದ್ದ: ಕಣ್ಣಾರೆ ಕಾಣದ ಅಂಕಿಯನ್ನು ಬರೆಯುವುದಿಲ್ಲ. ತಾಯಿ ತೀರಿಕೊಂಡ ದಿನವೂ ನಾಲ್ಕಕ್ಕೆ ಬಂದು ಮೂವತ್ತೊಂದನ್ನೂ ನೋಡಿ ಬರೆದು ಹೋಗಿದ್ದ. ಮಗಳು ಈಗ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಳು. "ನಮ್ಮಪ್ಪ ಒಂದು ಮಿಲಿಮೀಟರಿಗೂ ಸುಳ್ಳು ಹೇಳಲ್ಲ," ಎಂದು ಗೆಳತಿಯರ ಮುಂದೆ ಹೇಳುತ್ತಿದ್ದಳಂತೆ. ವರದಿ ಹೋದರೆ ಆ ಮಾತು ಹೋಗುತ್ತದೆ. ಕೆಲಸ, ಜೈಲು ಎಲ್ಲ ಆಮೇಲಿನದು. ಮೊದಲು ಹೋಗುವುದು ಆ ಮಾತು.

ಎರಡು ದಿನ ಅವನು ಯೋಚಿಸಿದ. ಯೋಚನೆ ಎಂಬುದಕ್ಕಿಂತ ಅದೊಂದು ಪ್ರಯೋಗದ ತಯಾರಿಯಂತಿತ್ತು. ಏನೇನು ಬದಲಾಗಬಹುದು, ಏನನ್ನು ಸ್ಥಿರವಾಗಿಡಬೇಕು, ಯಾರು ಎಲ್ಲಿಂದ ಏನು ನೋಡುತ್ತಾರೆ.

ಬೆಳಗಿನವರಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಬಿಟ್ಟ ಮೇಲೆ ಎಲ್ಲಿಗೆ ಎಂದು ಗೇಟಿನ ಕಾವಲುಗಾರ ಕೇಳಿದಾಗ, "ಎಲ್ಲಿ ನೀರು ಇಲ್ಲವೋ ಅಲ್ಲಿಗೆ. ಜೀವಮಾನಕ್ಕೆ ಸಾಕಾಗುವಷ್ಟು ನೋಡಿಯಾಯ್ತು," ಎಂದಿದ್ದರು. ಅಂದರೆ ಮೂವತ್ತನೇ ತಾರೀಖಿನ ನಂತರ ಅವರು ಎಲ್ಲಿಯೂ ಇರದಿದ್ದರೆ ಯಾರಿಗೂ ಅಚ್ಚರಿಯಿಲ್ಲ. ಮೂವತ್ತನೇ ತಾರೀಖಿಗೆ ಮುಂಚೆ ಕಾಣೆಯಾದರೆ ಮಾತ್ರ ಹುಡುಕಾಟ. ಹಾಗಾದರೆ ಅವರು ಮೂವತ್ತನೇ ತಾರೀಖಿನವರೆಗೆ ಕೆಲಸ ಮಾಡಲೇಬೇಕು. ಬದುಕಿರಬೇಕು ಎಂದೇನಿಲ್ಲ.

ಈ ವಾಕ್ಯ ಮನಸ್ಸಿನಲ್ಲಿ ಮೂಡಿದಾಗ ಅವನು ಊಟದ ತಟ್ಟೆಯ ಮುಂದೆ ಕೂತಿದ್ದ. ಹೆಂಡತಿ, "ಉಪ್ಪು ಸಾಲದಾ?" ಎಂದಳು. "ಸರಿಯಾಗಿದೆ," ಎಂದ. ಎಲ್ಲವೂ ಸರಿಯಾಗಿತ್ತು. ನೋಟಿಸ್ ಎಂಬುದು ಒಬ್ಬ ಮನುಷ್ಯ ಯಾವ ದಿನ ಮಾಯವಾಗುತ್ತಾನೆ ಎಂದು ಲಿಖಿತವಾಗಿ ತಾನೇ ಕೊಟ್ಟ ಒಪ್ಪಿಗೆ. ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಯಾವ ಕೊಲೆಗಾರ ಕೇಳಿಯಾನು?

ಗ್ಯಾಲರಿಗೆ ಎರಡು ಬಾಯಿ. ಎಡದಂಡೆಯ ಬಾಯಿಗೆ ಗೇಟು, ಕಾವಲುಗಾರ. ಬೆಳಗಿನವರ ಒಂಟಿ ಕೋಣೆಯೂ ಅಲ್ಲಿಯೇ. ಬಲದಂಡೆಯ ಬಾಯಿಗೆ ಒಂದು ಸಣ್ಣ ಕಬ್ಬಿಣದ ಬಾಗಿಲು. ಅದರ ಬೀಗದ ಕೈ ಇದ್ದದ್ದು ಅವರಿಬ್ಬರ ಹತ್ತಿರ ಮಾತ್ರ. ಗ್ಯಾಲರಿಯ ನಡುವೆ ನಲವತ್ತೆರಡು ಕಡಿದಾದ ಮೆಟ್ಟಿಲು. ಮೆಟ್ಟಿಲಿನ ಕೆಳಗೆ, ಕಟ್ಟೆ ಕಟ್ಟುವ ಕಾಲದಲ್ಲಿ ಬಂಡೆ ಪರೀಕ್ಷಿಸಲು ಕೊರೆದ ಹಳೆಯ ಬಾವಿ, ಅದಕ್ಕೆ ಕಬ್ಬಿಣದ ಮುಚ್ಚಳ. ಹದಿನೈದು ವರ್ಷದಿಂದ ಯಾರೂ ಅದನ್ನು ಎತ್ತಿರಲಿಲ್ಲ. ಎತ್ತಬೇಕಾದ ಕಾರಣ ಮುಂದೆಯೂ ಇರಲಿಲ್ಲ.

ಮೂರನೇ ತಾರೀಖು ಮುಂಜಾನೆ ಅವನು ಬಲದಂಡೆಯಿಂದ ಒಳಬಂದು ಮೆಟ್ಟಿಲಿನ ಮೇಲ್ತುದಿಯಲ್ಲಿ ನಿಂತ. ಬೆಳಗಿನವರು ಎಂದಿನಂತೆ ಎಡದಂಡೆಯ ಗೇಟು ದಾಟಿ, ಕೋಟು, ಟೋಪಿ, ಮಫ್ಲರ್ ಮೂರನ್ನೂ ಬಾಯಿಯ ಬಳಿಯ ಗೂಟಕ್ಕೆ ಸಿಕ್ಕಿಸಿ, ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಬಂದರು. ಚಳಿಗಾಲದಲ್ಲಿ ಹೊರಗಿಗಿಂತ ಗ್ಯಾಲರಿಯೇ ಬೆಚ್ಚಗೆ.

"ಅರೆ, ನೀನಿಲ್ಲಿ?"

"ಮಗಳಿಗೆ ಹೇಳಿದೆ," ಎಂದ ಅವನು.

ಬೆಳಗಿನವರ ಮುಖ ಸಡಿಲವಾಯಿತು. ಅವರು ರಿಜಿಸ್ಟರನ್ನು ಗೋಡೆಯ ಗೂಡಿನಲ್ಲಿಟ್ಟು, ಅವನ ಭುಜದ ಮೇಲೆ ಕೈಯಿಟ್ಟರು. "ಭೇಷ್. ಹಗುರ ಆಯ್ತಾ?"

"ಆಯ್ತು."

ತಳ್ಳಲು ಹೆಚ್ಚು ಬಲ ಬೇಕಾಗಲಿಲ್ಲ. ಆ ಕೈ ಇನ್ನೂ ಅವನ ಭುಜದ ಮೇಲಿದ್ದುದರಿಂದ ಅದನ್ನು ಬಿಡಿಸಿಕೊಳ್ಳಲು ಮಾತ್ರ ಸ್ವಲ್ಪ ಬಲ ಬೇಕಾಯಿತು.

ಆಮೇಲೆ ಅವರ ಬೂಟು, ಕೋಣೆಯ ಬೀಗದ ಕೈ ತೆಗೆದಿಟ್ಟುಕೊಳ್ಳುವುದು, ಬಾವಿ, ಮುಚ್ಚಳ, ಮೆಟ್ಟಿಲಿಗೆ ಎರಡು ಬಕೆಟ್ ನೀರು. ಎಲ್ಲಕ್ಕೂ ಸೇರಿ ಮೂವತ್ತೈದು ನಿಮಿಷ. ಕೈ ತೊಳೆದುಕೊಂಡು, ರಿಜಿಸ್ಟರ್ ತೆರೆದು, ಎಡಪುಟಕ್ಕೆ ಮೂರನೇ ತಾರೀಖು ಹಾಕಿದ.

ಅಕ್ಷರದ ಚಿಂತೆ ಅವನಿಗಿರಲಿಲ್ಲ. ಬೆಳಗಿನವರ ನಾಲ್ಕರ ಬಾಯಿ ತೆರೆದಿರುತ್ತದೆ, ಒಂಬತ್ತರ ಬಾಲ ಎಡಕ್ಕೆ ಸಿಡಿಯುತ್ತದೆ, ಸಹಿಯ ಕೊನೆಯ ಗೆರೆ ಕಾಗದ ಬಿಟ್ಟು ಮೇಲೇಳುತ್ತದೆ. ಅವರದು ಕಪ್ಪು ಕಲೆತ ನೀಲಿ ಶಾಯಿ. ಇಷ್ಟನ್ನೂ ಅವನ ಕೈ ಹತ್ತೊಂಬತ್ತು ವರ್ಷದಿಂದ ಓದುತ್ತಲೇ ಇತ್ತು. ಚಿಂತೆ ಇದ್ದದ್ದು ಅಂಕಿಗಳದು. ಹೋದ ವರ್ಷದ ಇದೇ ತಿಂಗಳ ಪುಟ ತೆಗೆದು, ಅಲ್ಲಲ್ಲಿ ತಿದ್ದಿ ನಕಲು ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಜಲಾಶಯದ ಮಟ್ಟ ಹೆಚ್ಚುಕಡಿಮೆ ಅಷ್ಟೇ ಇತ್ತು. ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಅವನು ಹಳೆಯ ರಿಜಿಸ್ಟರನ್ನು ಕಪಾಟಿನಿಂದ ತೆಗೆದ, ಒಂದು ಕ್ಷಣ ಹಿಡಿದುಕೊಂಡ, ಮತ್ತೆ ಅಲ್ಲೇ ಇಟ್ಟ. ಆಗದು. ಕೊಲೆ ಬೇರೆ, ಸುಳ್ಳು ರೀಡಿಂಗು ಬೇರೆ. ಮೊದಲನೆಯದನ್ನು ಮಾಡಿದ್ದೇ ಎರಡನೆಯದರಿಂದ ಬಿಡಿಸಿಕೊಳ್ಳಲು.

ದೀಪ ಹಿಡಿದು ಮೂವತ್ತೊಂದು ಕಡೆ ನಿಂತ. ಪ್ರತಿ ಪಟ್ಟಿಯ ಮುಂದೆ ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಎರಡು ಗೆರೆಗಳ ನಡುವೆ ನೀರು ಎಲ್ಲಿ ನಿಂತಿದೆ ಎಂದು ದಿಟ್ಟಿಸಿ, ಕಂಡದ್ದನ್ನು ಬರೆದ. ಸತ್ತವರ ಹೆಸರಿನಲ್ಲಿ ಅವನು ಬರೆದ ಒಂದೊಂದು ಅಂಕಿಯೂ ನಿಜ. ಪುಟದ ಕೊನೆಗೆ ಸಹಿ ಹಾಕುವಾಗ ಮಾತ್ರ ಸುಳ್ಳು. ಅದನ್ನು ಅವನು ಆದಷ್ಟು ಬೇಗ ಹಾಕಿ ಮುಗಿಸಿದ.

ಗೂಟದಲ್ಲಿದ್ದ ಕೋಟು ತೊಟ್ಟು, ಟೋಪಿಯನ್ನು ಹಣೆಗೆಳೆದು, ಮಫ್ಲರ್ ಮೂಗಿನವರೆಗೆ ಸುತ್ತಿಕೊಂಡು ಗೇಟಿನ ಮುಂದೆ ಹಾದುಹೋದ. ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದ ಕಾವಲುಗಾರ, "ಏನ್ ಸಾರ್, ಇವತ್ತು ತಡ?" ಎಂದ. ಅವನು ಎರಡು ಸಲ ಕೆಮ್ಮಿ ಕೈಯೆತ್ತಿದ. "ಇನ್ನು ತಿಂಗಳಿಲ್ಲ ಬಿಡಿ, ಯಾರಿಗಾಗಿ ಓಡಬೇಕು," ಎಂದು ಕಾವಲುಗಾರ ತನ್ನಷ್ಟಕ್ಕೆ ನಕ್ಕ.

ಇಷ್ಟೇ ಸಾಕಾಗಿತ್ತು. ದಿನವೂ ಇಷ್ಟೇ. ಐದಕ್ಕೆ ಎದ್ದು, ಹೆಂಡತಿಗೆ ವಾಕಿಂಗ್ ಎಂದು ಹೇಳಿ, ಹಿಂದಿನ ಕಾಲುದಾರಿಯಿಂದ ಬೆಳಗಿನವರ ಕೋಣೆ ಸೇರುವುದು. ಅವರ ಕೋಟು, ಅವರ ಬೂಟು ತೊಟ್ಟು ಮುಂಬಾಗಿಲಿನಿಂದ ಹೊರಬರುವುದು. ಕೈಯೆತ್ತುವುದು, ಕೆಮ್ಮುವುದು, ಇಳಿಯುವುದು. ಮೂವತ್ತೊಂದು. ಮರಳುವುದು, ಬೀಗ ಹಾಕುವುದು. ಸಂಜೆ ನಾಲ್ಕಕ್ಕೆ ತನ್ನ ಹೆಸರಿನಲ್ಲಿ ಮತ್ತೆ ಮೂವತ್ತೊಂದು. "ಈ ವಯಸ್ಸಿನಲ್ಲಿ ಇದೇನು ಶೋಕಿ, ವಾಕಿಂಗು," ಎಂದಳು ಹೆಂಡತಿ. "ಮುಖ ಇಳಿದುಹೋಗ್ತಿದೆ, ಹೊಟ್ಟೆ ಮಾತ್ರ ಹಾಗೇ ಇದೆ."

ಒಂದು ವಾರವಾಗುವಷ್ಟರಲ್ಲಿ ಅವನಿಗೆ ಗ್ಯಾಲರಿಯ ಸದ್ದು ಕೇಳತೊಡಗಿತು. ಮೆಟ್ಟಿಲಿನಿಂದಾಚೆಗೆ ಗ್ಯಾಲರಿ ನೂರ ಎಪ್ಪತ್ತು ಮೀಟರ್ ನೇರವಾಗಿ ಓಡುತ್ತದೆ. ಹೆಜ್ಜೆಯ ಸದ್ದು ಕೊನೆಯ ಗೋಡೆಗೆ ಬಡಿದು ಮರಳಲು ಸುಮಾರು ಒಂದು ಸೆಕೆಂಡು ಬೇಕು. ಲೆಕ್ಕ ಸರಿಯಿತ್ತು. ಹತ್ತೊಂಬತ್ತು ವರ್ಷ ಅದು ಹೀಗೆಯೇ ಮರಳಿ ಬಂದಿತ್ತು. ಆದರೆ ಈಗ ಬರುತ್ತಿದ್ದ ಹೆಜ್ಜೆ ಅವನದಕ್ಕಿಂತ ತುಸು ಭಾರ, ತುಸು ನಿಧಾನ. ಬೂಟು ಅವರದಲ್ಲವೇ ಎಂದು ನೆನಪಾಗಿ ಸಮಾಧಾನವಾಯಿತು. ಸಮಾಧಾನವಾದದ್ದೇ ಆಮೇಲೆ ಹೆದರಿಕೆ ಹುಟ್ಟಿಸಿತು.

ಹತ್ತನೇ ದಿನದಿಂದ ಗಡಿಯಾರ ಹೊಡೆಯುವ ಮುಂಚೆಯೇ ಎಚ್ಚರವಾಗತೊಡಗಿತು. ಹನ್ನೆರಡನೇ ದಿನ ಮನೆಯಲ್ಲಿ ಮಗಳ ಫೋನು ಬಂದಾಗ ಮಾತಿಗೆ ಮೊದಲು ಅವನು ಎರಡು ಸಲ ಕೆಮ್ಮಿದ. "ಅಪ್ಪಾ, ನೆಗಡಿಯಾ?" ಎಂದಳು ಮಗಳು. ಇಲ್ಲ ಎನ್ನಬೇಕೆಂದಿದ್ದವನು ಹೌದು ಎಂದ. ಅವಳಿಗೆ ಹೇಳಿದ ಮೊದಲ ಸುಳ್ಳು ಅದೇ ಎಂದು ಅವನಿಗೆ ಅನಿಸಿತು. ಮೊದಲನೆಯದು ಅಲ್ಲ ಎಂಬುದೂ ಆ ಕೂಡಲೇ ನೆನಪಾಯಿತು.

ಎಣಿಸದೆ ಬಿಟ್ಟಿದ್ದ ಒಂದೇ ಒಂದು ಸಂಗತಿ ಪಂಪಿನವನ ಹೆಂಡತಿ. ಆರೂವರೆಗೆ ಎಡದಂಡೆಯ ಮೆಟ್ಟಿಲು ಗುಡಿಸಲು ಬರುವವಳು ಬೆಳಗಿನವರಿಗೆಂದು ಒಂದು ಲೋಟ ಚಹಾ ತಂದು ಗ್ಯಾಲರಿಯ ಸರಳುಬಾಗಿಲಿನ ಬಳಿ ಇಡುತ್ತಿದ್ದಳು. ಒಂಬತ್ತು ವರ್ಷದಿಂದ ಇಡುತ್ತಿದ್ದಳಂತೆ. ಸಂಜೆಯ ಪಾಳಿಯವನಿಗೆ ಅದು ಹೇಗೆ ತಿಳಿಯಬೇಕು? ಮೊದಲ ದಿನಗಳಲ್ಲಿ ಅವನು ಅವಳು ಬರುವ ಮುಂಚೆ ಮುಗಿಸಲು ಓಡಿದ. ಮೂವತ್ತೊಂದು ರೀಡಿಂಗು ಅವಸರಕ್ಕೆ ಒಗ್ಗುವ ಕೆಲಸವಲ್ಲ. ಹದಿನಾಲ್ಕನೇ ತಾರೀಖು ಅವನು ಬಾಯಿಯ ಬಳಿ ಬಂದಾಗ ಅವಳು ಸರಳಿನ ಆಚೆ ಕೂತಿದ್ದಳು.

"ಚಹಾ ತಣ್ಣಗಾಗ್ತಿದೆ ಅಣ್ಣ."

ಅವನು ಕತ್ತಲೆಯಲ್ಲಿಯೇ ನಿಂತು ಕೈಯೆತ್ತಿದ.

"ಹೋಗೋ ಮುಂಚೆ ಏನೋ ಹೇಳೋದಿದೆ ಅಂದಿದ್ರಲ್ಲ. ನಮ್ಮನೆಯವರ ವಿಷಯ. ಎರಡನೇ ತಾರೀಖು ಅಂದ್ರಿ, ಆಮೇಲೆ ಮಾತೇ ಇಲ್ಲ. ನಾನೂ ಕೇಳೋದೋ ಬೇಡವೋ ಅಂತ ಸುಮ್ಮನಿದ್ದೆ."

ಎರಡು ಕೆಮ್ಮು ತಾವಾಗಿಯೇ ಬಂದವು. "ಕೊನೇ ದಿನ," ಎಂದ ಅವನು. ಮಫ್ಲರಿನೊಳಗಿಂದ ಹೊರಟ ಆ ಧ್ವನಿ ಯಾರದು ಎಂದು ಅವನಿಗೇ ತಿಳಿಯಲಿಲ್ಲ.

"ಆಗಲಿ ಬಿಡಿ. ಒಂಬತ್ತು ವರ್ಷ ಕಾದವಳಿಗೆ ಹದಿನಾರು ದಿನ ಏನು ಮಹಾ," ಎಂದು ಅವಳು ಪೊರಕೆ ಎತ್ತಿಕೊಂಡು ಹೋದಳು.

ಆ ಹದಿನಾರು ದಿನ ಅವನು ಎರಡು ಜೀವ ಬಾಳಿದ. ಸಂಜೆ ತನ್ನ ಪಾಳಿಗೆ ಬಂದಾಗ ಅವಳು ಎಂದಿನಂತೆ, "ಮಗಳು ಹೇಗಿದ್ದಾಳೆ ಅಣ್ಣ?" ಎಂದು ಕೇಳುವಳು, ಬೆಳಿಗ್ಗೆ ಸತ್ತವರಿಗೆ ಚಹಾ ಇಡುವಳು. ಅವನು ಕುಡಿದು ಲೋಟ ಬೋರಲು ಹಾಕುವನು. ಚಹಾ ಯಾವಾಗಲೂ ಹದವಾಗಿರುತ್ತಿತ್ತು. ಹಳೆಯ ಬಾವಿಯ ಮುಚ್ಚಳದ ಮೇಲೆ ಕಾಲಿಡದೆ ಸುತ್ತಿಬರುವ ರೂಢಿಯಾಯಿತು. ಒಂದು ದಿನ ಸುತ್ತುವುದನ್ನು ಮರೆತು ನೇರವಾಗಿ ನಡೆದುಬಿಟ್ಟ. ಕಬ್ಬಿಣ ಟಣ್ ಎಂದಿತು. ಆಮೇಲೆ ಒಂದು ಸೆಕೆಂಡು ಬಿಟ್ಟು ದೂರದ ಗೋಡೆಯೂ ಟಣ್ ಎಂದಿತು. ಅವನು ಗೋಡೆಗೊರಗಿ ಲೆಕ್ಕ ಹಾಕಿದ. ನೂರ ಎಪ್ಪತ್ತು, ಹೋಗಿ ಬರಲು ಮುನ್ನೂರ ನಲವತ್ತು. ಸರಿಯಾಗಿಯೇ ಇದೆ. ಅಲುಗುವ ಬೆಳಕಿನಲ್ಲಿ ನೀರಿನ ಮಟ್ಟ ಓದುವುದು ತಪ್ಪಾದೀತೆಂದು, ದೀಪವನ್ನು ನೆಲಕ್ಕಿಟ್ಟು ಓದಿದ.

ಹಸ್ತಾಂತರ ವರದಿಯನ್ನು ಮೂರು ಸಂಜೆ ಕೂತು ಬರೆದ. ಬೆಳಗಿನವರ ಕೈಯಲ್ಲಿ, ಬೆಳಗಿನವರ ಶಾಯಿಯಲ್ಲಿ. ಯಾವ ಕೊಳವೆಗೆ ಸುಣ್ಣ ಕಟ್ಟುತ್ತದೆ, ಯಾವ ದೀಪದ ತಂತಿ ಸಡಿಲ, ತೂಗುಗುಂಡಿನ ಎಣ್ಣೆ ಯಾವಾಗ ಬದಲಿಸಬೇಕು. ನಾಲ್ಕು ಪುಟ. ಅದು ಒಳ್ಳೆಯ ವರದಿಯಾಗಿತ್ತು. ಬೆಳಗಿನವರೇ ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ, ಒಂದು ವಿಷಯದ ಹೊರತು.

ಮೂವತ್ತನೇ ತಾರೀಖು ಕೊನೆಯ ಮೂವತ್ತೊಂದನ್ನು ಬರೆದು, ಸಹಿ ಹಾಕಿ, ಬೆಳಗಿನವರ ಬಟ್ಟೆಗಳಿದ್ದ ಚೀಲ ಹೆಗಲಿಗೇರಿಸಿಕೊಂಡು ಬಾಯಿಯ ಬಳಿ ಬಂದ. ಅವಳು ಸರಳಿನ ಆಚೆ ಇದ್ದಳು. ಈ ಸಲ ನಿಂತಿದ್ದಳು.

ಏನೋ ಒಂದು ಹೇಳಿ ಹೊರಟುಬಿಡುವುದು ಎಂದು ಅವನು ತೀರ್ಮಾನಿಸಿದ್ದ. ಅವರು ಒಳ್ಳೆಯವರಿದ್ದರು, ಮರೆತುಬಿಡಮ್ಮ, ಹೀಗೆ ಏನಾದರೂ. ಆದರೆ ಕತ್ತಲೆಯಲ್ಲಿ, ಬೇರೊಬ್ಬರ ಕೋಟಿನೊಳಗೆ, ಬೇರೆಯೇ ಮಾತು ಹೊರಬಂತು.

"ನಿನ್ನ ಗಂಡ ಕುಡಿದಿರಲಿಲ್ಲ. ನೀರು ಏರಿತ್ತು. ಏರಿದ್ದನ್ನ ಯಾರೂ ನೋಡಲಿಲ್ಲ."

ಅವಳು ಸರಳನ್ನು ಹಿಡಿದುಕೊಂಡಳು. "ಕುಡಿಯೋರಲ್ಲ ಅಂತ ನನಗೆ ಗೊತ್ತಿತ್ತು ಅಣ್ಣ," ಎಂದಳು. "ಇನ್ನೊಬ್ಬರಿಗೂ ಗೊತ್ತಿದೆ ಅಂತ ಗೊತ್ತಿರಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು, "ಚಹಾ ಕುಡಿದು ಹೋಗಿ," ಎಂದಳು.

ಗೇಟಿನಲ್ಲಿ ಕಾವಲುಗಾರ ಎದ್ದು ನಿಂತು ಕೈಮುಗಿದ. ಅವನು ಕೈಯೆತ್ತಿ, ರಸ್ತೆಗಿಳಿದು, ತಿರುವಿನಲ್ಲಿ ಮರೆಯಾದ. ಕೋಟು, ಬೂಟು, ಚೀಲ, ಎಲ್ಲವನ್ನೂ ಕಲ್ಲು ಕಟ್ಟಿ ಹಳ್ಳದ ಮಡುವಿಗೆ ಹಾಕಿ, ಎಂಟಕ್ಕೆ ಮನೆಯಲ್ಲಿದ್ದ. ವರದಿ ಅಂದಿನ ಟಪಾಲಿನಲ್ಲಿ ಹೋಯಿತು. ಅಂದು ಅವನು ಹಗಲಲ್ಲೇ ಮಲಗಿ ಕನಸಿಲ್ಲದೆ ನಿದ್ದೆ ಮಾಡಿದ. ಸತ್ತವರ ಬಾಯಿಂದಲಾದರೂ ಸರಿ, ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಹಗುರ ಆಯ್ತಾ ಎಂದು ಯಾರಾದರೂ ಕೇಳಿದ್ದರೆ ಈ ಸಲ ಹೌದು ಎನ್ನುವುದು ನಿಜವಾಗುತ್ತಿತ್ತು.

ಹೊಸಬರು ಬರುವವರೆಗೆ ಎರಡೂ ಪಾಳಿ ನೀವೇ ನೋಡಿಕೊಳ್ಳಿ ಎಂದು ಮುಖ್ಯ ಕಚೇರಿಯಿಂದ ಕಾಗದ ಬಂತು. ಅವನು ನಕ್ಕ. ಎಡಪುಟದಲ್ಲಿ ಈಗ ತನ್ನದೇ ಅಕ್ಷರ, ತನ್ನದೇ ಸಹಿ. ಮೂರು ವಾರ ಹಾಗೆಯೇ ಕಳೆಯಿತು. ಗ್ಯಾಲರಿಯ ಹೆಜ್ಜೆ ಮತ್ತೆ ಒಂದೇ ಜೋಡಿಯಾಯಿತು. ಕೆಮ್ಮು ನಿಂತಿತು.

ಇಪ್ಪತ್ತೆರಡನೇ ತಾರೀಖು ಮಧ್ಯಾಹ್ನ ಮುಖ್ಯ ಕಚೇರಿಯ ಜೀಪು ಬಂತು. ಇಳಿದವಳು ಅಂಕಿ ವಿಭಾಗದ ಅಧಿಕಾರಿ, ದಪ್ಪ ಕನ್ನಡಕದ ಹುಡುಗಿ. ಅವನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅವಳ ಜೊತೆ ಬಂದ ಗಟ್ಟಿ ಮೈಯ ಮನುಷ್ಯ ಮಾತಾಡದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ. ಅವನನ್ನು ಡ್ರೈವರ್ ಎಂದುಕೊಂಡು, ಇವನು ಅವನಿಗೂ ನೀರು ಕೊಟ್ಟ.

"ಬೆಳಗಿನವರ ಹೊಸ ವಿಳಾಸ ಏನಾದರೂ ಇದೆಯಾ ಸಾರ್?" ಎಂದಳು ಅವಳು.

"ಬಿಟ್ಟು ಹೋಗಿಲ್ಲ. ನೀರಿಲ್ಲದ ಕಡೆ ಹೋಗ್ತೀನಿ ಅಂತಿದ್ರು."

"ನಮಗೂ ಸಿಗಲಿಲ್ಲ. ಅವರ ಕೊನೆಯ ತಿಂಗಳ ಬಗ್ಗೆ ಒಂದು ಸಣ್ಣ ಅನುಮಾನ ಇತ್ತು."

"ರೀಡಿಂಗು ತಪ್ಪಿದೆಯಾ?" ಎಂದ ಅವನು. ಆ ಪ್ರಶ್ನೆ ಕೇಳುವಾಗ ಅವನಿಗೆ ಭಯವಾಗಲಿಲ್ಲ, ಅವಮಾನವಾಯಿತು.

"ಇಲ್ಲ ಸಾರ್, ಒಂದೂ ತಪ್ಪಿಲ್ಲ," ಎಂದು ಅವಳು ಎರಡು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಪಟ್ಟಿಯಲ್ಲಿ ಎರಡು ಗೆರೆಗಳ ನಡುವಿನ ಹತ್ತನೇ ಪಾಲಿಗೆ ಗೆರೆ ಇರುವುದಿಲ್ಲ, ಅದನ್ನು ಕಣ್ಣೇ ಅಂದಾಜು ಮಾಡಬೇಕು. ಒಬ್ಬೊಬ್ಬರ ಕಣ್ಣಿಗೂ ತನ್ನ ಪ್ರೀತಿಯ ಅಂಕಿಗಳಿರುತ್ತವೆ, ಅದು ಅವರಿಗೇ ತಿಳಿದಿರುವುದಿಲ್ಲ ಎಂದಳು. ಒಬ್ಬರು ಹೋಗಿ ಇನ್ನೊಬ್ಬರು ಬಂದಾಗ ಕಟ್ಟೆಯೇ ಕದಲಿದ ಹಾಗೆ ಕಾಣಬಾರದಲ್ಲ, ಅದಕ್ಕಾಗಿ ಬಿಟ್ಟು ಹೋಗುವವರ ಕೊನೆಯ ಮೂವತ್ತು ದಿನವನ್ನು ಹಿಂದಿನ ವರ್ಷಗಳ ಜೊತೆ ಇಟ್ಟು ತೂಗುತ್ತೇವೆ. ನೋಟಿಸ್ ಮೂವತ್ತು ದಿನ ಇರುವುದೇ ಅದಕ್ಕೆ, ಬದಲಿ ಆಳು ಹುಡುಕುವುದಕ್ಕಲ್ಲ. ನೋಡುವವರಿಗೆ ಮಾತ್ರ ಇದನ್ನು ಹೇಳುವುದಿಲ್ಲ, ಹೇಳಿದರೆ ಕಣ್ಣು ನಾಚಿಕೊಳ್ಳುತ್ತದೆ ಎಂದಳು. ಬಾಗಿಲ ಬಳಿಯವನು ಸ್ಟೂಲಿನಿಂದ ಎದ್ದು ನಿಂತಿದ್ದ. "ಬೆಳಗಿನವರು ಹತ್ತೊಂಬತ್ತು ವರ್ಷ ಎರಡು, ಐದು, ಎಂಟರ ಕಡೆ ವಾಲಿದವರು, ಮೂರು, ಏಳು ಅವರ ಪುಟದಲ್ಲಿ ಹುಡುಕಿದರೂ ಕಷ್ಟ. ಮೂರು, ಏಳು ನೀವು ಸಾರ್. ಹಳೆಯ ಪುಟ ನೋಡಿ ನಕಲು ಮಾಡಿದ್ದರೆ ಅವರ ಕಣ್ಣೇ ಬಂದುಬಿಡ್ತಿತ್ತು, ಆದರೆ ಈ ಎಂಟುನೂರ ಅರವತ್ತೆಂಟೂ ಪ್ರಾಮಾಣಿಕವಾಗಿ ನೋಡಿ ಬರೆದವು," ಎಂದು ಅವಳು ಎ‌ಡಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಒಂದು, ಎರಡನೇ ತಾರೀಖು ಅವರ ಕಣ್ಣು. ಮೂರನೇ ತಾರೀಖು ಬೆಳಿಗ್ಗೆಯಿಂದ ನಿಮ್ಮದು. ಬೆಳಗಿನವರು ಎಲ್ಲಿ ಸಾರ್?"